ಎತ್ತರದ ಬೆಲೆ: ರಣರಂಗದ ಡ್ರೋನುಗಳೂ ರೇಡಿಯೊ ಪಟ್ಟಿಯ ಹಂಚಿಕೆಯೂ

1901ನೆಯ ಇಸವಿಯ ಶರತ್ಕಾಲದಲ್ಲಿ ನ್ಯೂಯಾರ್ಕ್ ನಗರದ ಸಮೀಪದ ಕಡಲಿನಲ್ಲಿ ಅಮೆರಿಕ ಮತ್ತು ಬ್ರಿಟನ್ ದೇಶಗಳ ಹಾಯಿಹಡಗುಗಳ ನಡುವೆ ಪ್ರಸಿದ್ಧವಾದ ಪಂದ್ಯವೊಂದು ನಡೆಯಿತು. ಪಂದ್ಯದ ವಾರ್ತೆಯನ್ನು ದಡದಲ್ಲಿದ್ದ ಪತ್ರಿಕೆಗಳಿಗೆ ಒಡನೊಡನೆ ಮುಟ್ಟಿಸುವ ಹೊಣೆಯನ್ನು ಆಗತಾನೆ ತಲೆಯೆತ್ತುತ್ತಿದ್ದ ನಿಸ್ತಂತು ಕಂಪೆನಿಗಳು ವಹಿಸಿಕೊಂಡಿದ್ದವು. ಮಾರ್ಕೋನಿಯವರ ಯಂತ್ರ ಒಂದು ಕಡೆ, ಲೀ ಡಿ ಫಾರೆಸ್ಟ್ ಅವರ ಯಂತ್ರ ಇನ್ನೊಂದು ಕಡೆ. ಇವೆರಡೂ ಸಾಲದೆಂಬಂತೆ ಮೂರನೆಯ ಕಂಪೆನಿಯೊಂದರ ಯಂತ್ರ ಮತ್ತೊಂದು ಕಡೆ. ಮೂವರೂ ಏಕಕಾಲದಲ್ಲಿ ವಿದ್ಯುತ್ ಕಿಡಿ ಹಾರಿಸಿ ಸಂಕೇತಗಳನ್ನು ಕಳುಹಿಸತೊಡಗಿದರು. ದಡಕ್ಕೆ ತಲುಪಿದುದು ವಾರ್ತೆಯಲ್ಲ, ಬರಿಯ ಗದ್ದಲ. ಸಂತೆಯಲ್ಲಿ ಮೂವರು ಒಟ್ಟಿಗೆ ಕೂಗಿದರೆ ನಾಲ್ಕನೆಯವನ ಕಿವಿಗೆ ಏನು ಬೀಳುತ್ತದೆಯೋ ಅದೇ ಅಲ್ಲಿಯೂ ಬಿದ್ದಿತು.

ಅದೇ ವರ್ಷದ ಡಿಸೆಂಬರ್ 12ರಂದು ಮಾರ್ಕೋನಿಯವರು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ನಿಂತು, ಗಾಳಿಪಟಕ್ಕೆ ತಂತಿ ಕಟ್ಟಿ ಸುಮಾರು 150 ಮೀಟರ್ ಎತ್ತರಕ್ಕೆ ಹಾರಿಸಿ, ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಕೇಳಿದೆನೆಂದು ಸಾರಿದರು. ಆಂಟೆನಾವನ್ನು ಮೇಲಕ್ಕೆ ಎತ್ತಿದರೆ ದೂರದ ಮಾತು ಕೇಳಿಸುತ್ತದೆ ಎಂಬುದೊಂದು. ಹಲವರು ಒಂದೇ ಆಕಾಶದಲ್ಲಿ ಮಾತನಾಡಿದರೆ ಯಾರ ಮಾತೂ ಕೇಳಿಸದು ಎಂಬುದಿನ್ನೊಂದು. ಈ ಎರಡು ಸಂಗತಿಗಳೂ ಹೀಗೆ ಒಂದೇ ವರ್ಷದಲ್ಲಿ ಜಗತ್ತಿಗೆ ಎದ್ದುಕಂಡವು. ಅವೆರಡೂ ಬೇರೆ ಬೇರೆಯಲ್ಲ, ಒಂದು ಇನ್ನೊಂದನ್ನು ಬೆಳೆಸುತ್ತದೆ ಎಂಬುದನ್ನು ಇಂದಿನ ಸೇನೆಗಳ ಡ್ರೋನುಗಳು ನಮಗೆ ಚೆನ್ನಾಗಿ ಕಲಿಸಿಕೊಡುತ್ತಿವೆ. ಅದು ಹೇಗೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬೆಟ್ಟದ ಮರೆ

ಡ್ರೋನ್ ಎಂದೊಡನೆ ಬಾಂಬು ಹಾಕುವ ಅಥವಾ ಚಿತ್ರ ತೆಗೆಯುವ ಚಾಲಕರಹಿತ ವಿಮಾನವೇ ಎಲ್ಲರ ನೆನಪಿಗೆ ಬರುತ್ತದೆ. ಅದರ ಮೂರನೆಯ ಉದ್ಯೋಗವೊಂದುಂಟು. ಅದು ಅಷ್ಟಾಗಿ ಪ್ರಸಿದ್ಧವಲ್ಲ. ಒಂದು ಕಡೆಯ ಮಾತನ್ನು ಕೇಳಿಕೊಂಡು ಇನ್ನೊಂದು ಕಡೆಗೆ ದಾಟಿಸುವ ದೂತನ ಕೆಲಸ ಅದು.

ಅದರ ಅಗತ್ಯವೇನೆಂಬುದನ್ನು ತಿಳಿಯಲು 2005ನೆಯ ಇಸವಿಯ ಜೂನ್ 28ನ್ನು ನೆನೆಯಬೇಕು. ಅಂದು ಆಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದ ಪರ್ವತಗಳ ನಡುವೆ ಅಮೆರಿಕದ ನೌಕಾದಳದ ನಾಲ್ವರು ಯೋಧರು ಶತ್ರುಗಳ ದಾಳಿಗೆ ಸಿಕ್ಕಿಬಿದ್ದರು. ನೆಲೆಗೆ ಸುದ್ದಿ ಮುಟ್ಟಿಸೋಣವೆಂದರೆ ಸುತ್ತಲೂ ಬೆಟ್ಟ, ರೇಡಿಯೊ ನೆಚ್ಚುವಂತಿರಲಿಲ್ಲ. ಕಟ್ಟಕಡೆಗೆ ಉಪಗ್ರಹ ದೂರವಾಣಿಯಲ್ಲಿ ಮಾತು ಮುಟ್ಟಿಸಬೇಕಾಯಿತು. ನಾಲ್ವರಲ್ಲಿ ಮೂವರೂ, ನೆರವಿಗೆ ಧಾವಿಸಿದ ಹೆಲಿಕಾಪ್ಟರಿನಲ್ಲಿದ್ದ 16 ಮಂದಿಯೂ ಅಂದು ಮಡಿದರು. ರೇಡಿಯೊ ಒಂದೇ ಅವರನ್ನು ಉಳಿಸುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಯುದ್ಧಭೂಮಿಯಲ್ಲಿ ಒಂದು ಮಾತು ತಲುಪದೆ ಹೋದರೆ ಏನಾದೀತೆಂಬುದಕ್ಕೆ ಈ ಪ್ರಸಂಗವನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ.

ಸೈನಿಕರು ಹೊತ್ತು ತಿರುಗುವ ರೇಡಿಯೊಗಳ ಅಲೆಗಳ ಉದ್ದ ಕೆಲವೇ ಮೀಟರು ಅಥವಾ ಅದಕ್ಕೂ ಕಡಿಮೆ. ಇಂಥ ಚಿಕ್ಕ ಅಲೆಗಳು ಬೆಟ್ಟವನ್ನು ಬಳಸಿ ಬಾಗಿ ಹೋಗುವುದು ತೀರ ಅಲ್ಪ. ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿಯೇ ಸಾಗುತ್ತವೆ. (ಮಾರ್ಕೋನಿಯವರು ಬಳಸಿದ ದೀರ್ಘ ತರಂಗಗಳ ಮಾತು ಬೇರೆ.) ಆದುದರಿಂದ ಕಣಿವೆಯಲ್ಲಿರುವವನಿಗೂ ಆಚೆ ಬದಿಯವನಿಗೂ ಏಕಕಾಲದಲ್ಲಿ ಕಾಣುವಂಥ ಎತ್ತರದಲ್ಲಿ ಮಧ್ಯಸ್ಥನೊಬ್ಬನಿದ್ದರೆ ತೊಡಕು ಬಿಡಿಸಿದಂತಾಯಿತು. ಅಮೆರಿಕದ ವಾಯುಸೇನೆ ಮುಂದೆ ಇಂಥ ಮಧ್ಯಸ್ಥ ಯಂತ್ರವೊಂದನ್ನು ಸಿದ್ಧಪಡಿಸಿ, ಜನರು ನಡೆಸುವ ವಿಮಾನಗಳಲ್ಲಿಯೂ ಗ್ಲೋಬಲ್ ಹಾಕ್ ಎಂಬ ದೊಡ್ಡ ಡ್ರೋನುಗಳಲ್ಲಿಯೂ ಇರಿಸಿ ಆಫ್ಘಾನಿಸ್ತಾನದ ಮೇಲೆ ಹಾರಿಸಿತು. ಬೇರೆ ಬೇರೆ ಜಾತಿಯ ರೇಡಿಯೊಗಳ ಮಾತನ್ನು ಕೇಳಿ, ಒಂದರ ಭಾಷೆಯನ್ನು ಇನ್ನೊಂದಕ್ಕೆ ತಿಳಿಯುವಂತೆ ಮಾರ್ಪಡಿಸಿ, ಮತ್ತೆ ಪ್ರಸಾರ ಮಾಡುವುದು ಅದರ ಕೆಲಸವಾಗಿತ್ತು. ಈ ಕೆಲಸದ ಗ್ಲೋಬಲ್ ಹಾಕ್‌ಗಳು 2021ರಲ್ಲಿ ನಿವೃತ್ತವಾದವು.

ಎತ್ತರ ಮತ್ತು ಕ್ಷೇತ್ರ

ಇನ್ನು ಸ್ವಲ್ಪ ಲೆಕ್ಕ. ಸಮತಟ್ಟಾದ ನೆಲದ ಮೇಲೆ ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ಅಲೆಗೆ ದಿಗಂತ ಎಷ್ಟು ಕಿಲೊಮೀಟರು ದೂರವೆಂಬುದು ದೊರೆಯುತ್ತದೆ. (ಬೆಳಕಿಗಾದರೆ ಈ ಸಂಖ್ಯೆ ಸ್ವಲ್ಪ ಕಡಿಮೆ, ವಾಯುಮಂಡಲ ರೇಡಿಯೊ ಅಲೆಯನ್ನು ಭೂಮಿಯ ಕಡೆಗೆ ತುಸು ಹೆಚ್ಚು ಬಾಗಿಸುವುದೇ ಕಾರಣ.) ನಿಂತ ಸೈನಿಕನ ಆಂಟೆನಾ 2 ಮೀಟರ್ ಎತ್ತರದಲ್ಲಿದ್ದರೆ ಅವನ ದಿಗಂತ ಸುಮಾರು 5.8 ಕಿಲೊಮೀಟರು. 100 ಮೀಟರ್ ಮೇಲೆ ನಿಂತ ಚಿಕ್ಕ ಡ್ರೋನಿಗೆ 41 ಕಿಲೊಮೀಟರು. 3,600 ಮೀಟರ್ ಎತ್ತರದಲ್ಲಿ 247 ಕಿಲೊಮೀಟರು. ಗ್ಲೋಬಲ್ ಹಾಕ್ ಹಾರುವ ಸುಮಾರು 18,000 ಮೀಟರ್ ಎತ್ತರದಲ್ಲಿ 550 ಕಿಲೊಮೀಟರಿಗೂ ಮಿಗಿಲು.

ದೂರಕ್ಕಿಂತ ಕ್ಷೇತ್ರಫಲವನ್ನು ಗಮನಿಸಿದರೆ ಸಂಗತಿ ಇನ್ನೂ ಸ್ವಾರಸ್ಯವಾಗುತ್ತದೆ. ದೂರವು ಎತ್ತರದ ವರ್ಗಮೂಲದಂತೆ ಬೆಳೆಯುತ್ತದೆ. ವೃತ್ತದ ಕ್ಷೇತ್ರಫಲ ದೂರದ ವರ್ಗದಂತೆ ಬೆಳೆಯುತ್ತದೆ. ಎರಡನ್ನೂ ಕೂಡಿಸಿದರೆ, ಆಂಟೆನಾಕ್ಕೆ ಕಾಣುವ ನೆಲದ ವಿಸ್ತಾರ ನೇರವಾಗಿ ಅದರ ಎತ್ತರಕ್ಕೆ ಅನುಪಾತದಲ್ಲಿರುತ್ತದೆ! ಎತ್ತರ ಇಮ್ಮಡಿಯಾದರೆ ನೆಲವೂ ಇಮ್ಮಡಿ. ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 53 ಚದರ ಕಿಲೊಮೀಟರು ನೆಲ ದಕ್ಕುತ್ತದೆ. 3,600 ಮೀಟರ್ ಮೇಲಿರುವ ಡ್ರೋನಿನ ದಿಗಂತದೊಳಗೆ ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟು ನೆಲ ಅಡಗುತ್ತದೆ. 18,000 ಮೀಟರಿಗೆ ಅಂಥ ಐದು ಕರ್ನಾಟಕಗಳು.

ಇಷ್ಟರವರೆಗೆ ಎಲ್ಲವೂ ಲಾಭವೇ. ನಷ್ಟ ಎಲ್ಲಿದೆಯೆಂದರೆ: ನೆಲದ ಮೇಲೆ ನಿಂತ ಇಬ್ಬರು ಯಾವುದೋ ಒಂದು ಆವೃತ್ತಿಯಲ್ಲಿ ಮಾತನಾಡುತ್ತಿದ್ದರೆ, ದಿಗಂತದಿಂದಾಚೆ ಇರುವ ಬೇರೆ ಇಬ್ಬರು ಅದೇ ಆವೃತ್ತಿಯನ್ನು ನಿಶ್ಚಿಂತೆಯಿಂದ ಬಳಸಬಹುದು. ಭೂಮಿಯ ಉಬ್ಬು ಅವರ ನಡುವೆ ಗೋಡೆಯಂತೆ ನಿಂತಿರುತ್ತದೆ. 100 ಮೀಟರ್ ಎತ್ತರದ ಡ್ರೋನಿಗೆ ಕಾಣುವ ನೆಲದಲ್ಲಿ, 2 ಮೀಟರ್ ಎತ್ತರದ ಸೈನಿಕರಿಗೆ ಕಾಣುವಂಥ ತುಂಡುಗಳು 50 ಇವೆ. ಮೊದಲು ಆ ತುಂಡುಗಳಲ್ಲಿ ಹಲವು ಕಡೆ ಒಂದೇ ಆವೃತ್ತಿಯನ್ನು ಏಕಕಾಲದಲ್ಲಿ ಬಳಸಬಹುದಾಗಿತ್ತು. ಡ್ರೋನ್ ಮೇಲೇರಿದೊಡನೆ ಗೋಡೆಗಳೆಲ್ಲ ಬಿದ್ದುಹೋಗುತ್ತವೆ. ಅದಕ್ಕೆ ಐವತ್ತು ಕಡೆಯ ಮಾತೂ ಒಟ್ಟಿಗೆ ಕೇಳಿಸುತ್ತದೆ. ಅದು ಆಡಿದ ಮಾತು ಐವತ್ತು ಕಡೆಗೂ ಮುಟ್ಟಿ ಅಲ್ಲಿನವರ ಮಾತಿಗೆ ಅಡ್ಡಿಯಾಗುತ್ತದೆ. ಎತ್ತರದಿಂದ ದೊರೆತ ಕ್ಷೇತ್ರ ಎಷ್ಟು ಮಡಿ ಹೆಚ್ಚೋ, ಒಬ್ಬೊಬ್ಬನ ಪಾಲಿಗೆ ಉಳಿಯುವ ಆವೃತ್ತಿಯ ಭಾಗ ಸುಮಾರಾಗಿ ಅಷ್ಟೇ ಮಡಿ ಕಡಿಮೆ. ಎತ್ತರಕ್ಕೆ ತೆರಬೇಕಾದ ಬೆಲೆ ಇದು.

ಶತ್ರುವಿನ ಕಿವಿಯೂ ಅದೇ ದಿಗಂತದೊಳಗೆ ಇರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಂಚಿಕೊಳ್ಳುತ್ತಿರುವುದು ಏನನ್ನು?

ರೇಡಿಯೊ ಅಲೆಯ ಮೇಲೆ ಯಾವುದೇ ಸಂದೇಶವನ್ನು ಹೊರಿಸಿದೊಡನೆ ಅದು ಒಂದೇ ಒಂದು ಆವೃತ್ತಿಗೆ ಸೀಮಿತವಾಗಿ ಉಳಿಯದೆ, ಅಕ್ಕಪಕ್ಕದ ಆವೃತ್ತಿಗಳಿಗೂ ಹರಡಿ ಒಂದು ಪಟ್ಟಿಯನ್ನು ಆಕ್ರಮಿಸಿಕೊಳ್ಳುತ್ತದೆ. ಈ ಪಟ್ಟಿಯ ಅಗಲಕ್ಕೇ ಬ್ಯಾಂಡ್‌ವಿಡ್ತ್ ಎಂದು ಹೆಸರು. ಸಂದೇಶ ವೇಗವಾಗಿ ಹೋಗಬೇಕಾದಷ್ಟೂ ಪಟ್ಟಿ ಅಗಲವಾಗಬೇಕು.

1948ರಲ್ಲಿ ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದ ಕ್ಲಾಡ್ ಷ್ಯಾನನ್ ಅವರು ಈ ಸಂಬಂಧಕ್ಕೆ ಖಚಿತವಾದ ಗಣಿತರೂಪವನ್ನು ಕೊಟ್ಟರು. ಸಂಕೇತದ ಶಕ್ತಿಯನ್ನು ಗದ್ದಲದ ಶಕ್ತಿಯಿಂದ ಭಾಗಿಸಿ, ಬಂದುದಕ್ಕೆ 1 ಕೂಡಿಸಿ, 2ನ್ನು ಆಧಾರವಾಗಿಟ್ಟುಕೊಂಡು ಅದರ ಲಾಗರಿದಮ್ ತೆಗೆದು, ಪಟ್ಟಿಯ ಅಗಲದಿಂದ ಗುಣಿಸಿದರೆ ಒಂದು ಸೆಕೆಂಡಿನಲ್ಲಿ ತಪ್ಪಿಲ್ಲದೆ ಕಳುಹಿಸಬಹುದಾದ ಬಿಟ್‌ಗಳ ಮೇಲಿನ ಮಿತಿ ಸಿಗುತ್ತದೆ. ಬಿಟ್ ಎಂದರೆ ಹೌದು-ಅಲ್ಲ ಎಂಬಷ್ಟು ಮಾತ್ರದ ಸುದ್ದಿ. ಸಂಕೇತವು ಗದ್ದಲದ 15 ಮಡಿ ಇದ್ದರೆ, 15ಕ್ಕೆ 1 ಕೂಡಿಸಿ 16, ಅದರ ಲಾಗರಿದಮ್ 4. ಸೇನಾ ರೇಡಿಯೊಗಳಲ್ಲಿ ರೂಢಿಯಲ್ಲಿರುವ 25 ಕಿಲೊಹರ್ಟ್ಸ್ ಅಗಲದ ಪಟ್ಟಿಯಲ್ಲಿ ಆಗ ಸೆಕೆಂಡಿಗೆ ಒಂದು ಲಕ್ಷ ಬಿಟ್‌ಗಳಿಗಿಂತ ಹೆಚ್ಚು ಹೋಗಲಾರವು.

ತರಗತಿಯಲ್ಲಿ ಈ ಸೂತ್ರವನ್ನು ಬರೆದು, ವೇಗವನ್ನು ಇಮ್ಮಡಿಸಬೇಕಾದರೆ ಏನು ಮಾಡಬೇಕೆಂದು ಕೇಳಿದರೆ, ವಿದ್ಯಾರ್ಥಿಗಳಿಂದ ನಮಗೆ ಮೊದಲು ಬರುವ ಉತ್ತರ 'ಶಕ್ತಿಯನ್ನು ಹೆಚ್ಚಿಸಬೇಕು' ಎಂದೇ. ಹೆಚ್ಚಿಸಿ ನೋಡೋಣ. ಲಾಗರಿದಮ್ 4ರಿಂದ 8ಕ್ಕೆ ಏರಬೇಕಾದರೆ ಸಂಕೇತವು ಗದ್ದಲದ 255 ಮಡಿ ಆಗಬೇಕು. ಎಂದರೆ ಶಕ್ತಿ 17 ಪಟ್ಟು. ಇದಕ್ಕೆ ಬದಲು ಪಟ್ಟಿಯನ್ನೇ ಇಮ್ಮಡಿ ಅಗಲ ಮಾಡಿದರೆ, ಗದ್ದಲವೂ ಇಮ್ಮಡಿಯಾಗುವುದರಿಂದ, ಶಕ್ತಿಯನ್ನು 2 ಪಟ್ಟು ಮಾಡಿದರೆ ಸಾಕು. ಬ್ಯಾಟರಿಯ ಮೇಲೆ ಹಾರುವ ಡ್ರೋನಿಗೆ ಈ 17ಕ್ಕೂ 2ಕ್ಕೂ ಇರುವ ಅಂತರ ಜೀವನ್ಮರಣದ ಅಂತರ. ಮೇಲಾಗಿ ಒಬ್ಬನ ಸಂಕೇತ ನೆರೆಯವನಿಗೆ ಗದ್ದಲ. ಎಲ್ಲರೂ ಶಕ್ತಿಯನ್ನು ಏರಿಸುತ್ತ ಹೋದರೆ ಸಂತೆಯಲ್ಲಿ ಎಲ್ಲರೂ ದನಿ ಏರಿಸಿದಂತೆಯೇ ಸರಿ. ಪಟ್ಟಿಯ ಅಗಲವನ್ನು ಸೇನೆಗಳು ಮದ್ದುಗುಂಡಿನಷ್ಟೇ ಜೋಕೆಯಿಂದ ಲೆಕ್ಕವಿಡುವುದು ಇದಕ್ಕಾಗಿಯೇ.

ಅದನ್ನು ನುಂಗುವವರು ಯಾರು? ಮಾತಲ್ಲ, ಚಿತ್ರ. ಮನುಷ್ಯನ ಮಾತನ್ನು ಅರ್ಥಕ್ಕೆ ಚ್ಯುತಿ ಬಾರದಂತೆ ಹಿಂಡಿ ಸೆಕೆಂಡಿಗೆ 2,400 ಬಿಟ್‌ಗಳಲ್ಲಿ ಕಳುಹಿಸುವ ವಿಧಾನಗಳು ಸೇನೆಗಳಲ್ಲಿ ಬಳಕೆಯಲ್ಲಿವೆ. ಡ್ರೋನ್ ಕಳುಹಿಸುವ ಚಲಿಸುವ ಚಿತ್ರಕ್ಕೆ ಸೆಕೆಂಡಿಗೆ 24 ಲಕ್ಷ ಬಿಟ್‌ಗಳೆಂದು ಇಟ್ಟುಕೊಂಡರೂ, ಒಂದು ಚಿತ್ರದ ಜಾಗದಲ್ಲಿ ಸಾವಿರ ಮಂದಿ ಮಾತನಾಡಬಹುದಾಗಿತ್ತು. ಗಾಯಗೊಂಡವನನ್ನು ಎಲ್ಲಿಂದ ಎತ್ತಬೇಕೆಂಬ ಸುದ್ದಿಗೆ ಕೆಲವು ನೂರು ಬಿಟ್‌ಗಳು ಸಾಕು. ಅವು ಚಿತ್ರದ ಪ್ರವಾಹದ ಹಿಂದೆ ಕಾದು ನಿಲ್ಲುವಂತಾಗಬಾರದು.

ಇನ್ನೊಂದು ಗುಟ್ಟಾದ ಖರ್ಚಿದೆ. ಮಧ್ಯಸ್ಥನ ಮೂಲಕ ಹೋಗುವ ಪ್ರತಿಯೊಂದು ಮಾತನ್ನೂ ಎರಡು ಸಲ ಆಕಾಶಕ್ಕೆ ಬಿಡಬೇಕಾಗುತ್ತದೆ: ಕೆಳಗಿನಿಂದ ಮೇಲಕ್ಕೊಮ್ಮೆ, ಮೇಲಿನಿಂದ ಕೆಳಕ್ಕೊಮ್ಮೆ. ಡ್ರೋನು ತಾನು ಕೂಗುತ್ತಿರುವ ಆವೃತ್ತಿಯಲ್ಲಿಯೇ ಪಿಸುಮಾತನ್ನು ಕೇಳಿಸಿಕೊಳ್ಳುವುದು ಬಹಳ ಕಷ್ಟವಾದುದರಿಂದ, ಎರಡು ಪಟ್ಟಿಗಳು ಬೇಕು ಇಲ್ಲವೆ ಎರಡು ಸರದಿಗಳು ಬೇಕು. ಹೀಗೆ ದೂತನನ್ನು ಇಟ್ಟುಕೊಂಡವನಿಗೆ ಪಟ್ಟಿಯ ಅರ್ಧ ದೂತನ ಸಂಬಳಕ್ಕೇ ಹೋಗುತ್ತದೆ. ಡ್ರೋನನ್ನು ವಾಹನವೊಂದಕ್ಕೆ ಹಗ್ಗದಿಂದ ಕಟ್ಟಿ ನೂರು ಮೀಟರಿನಷ್ಟು ಮೇಲೆ ನಿಲ್ಲಿಸುವ ಪದ್ಧತಿಯೂ ಉಂಟು. ಆ ಹಗ್ಗದಲ್ಲಿಯೇ ವಿದ್ಯುತ್ತೂ ಸಂದೇಶವೂ ಹರಿಯುವುದರಿಂದ, ವಾಹನದಲ್ಲಿರುವವರ ಮಾತಿನ ಮಟ್ಟಿಗಾದರೂ ಈ ಸಂಬಳ ಉಳಿಯುತ್ತದೆ.

ಸರದಿಯೂ ನೆಗೆತವೂ

ಪಟ್ಟಿಯನ್ನು ಹಂಚಿಕೊಳ್ಳುವ ಅತ್ಯಂತ ಸುಲಭವಾದ ಉಪಾಯವೆಂದರೆ ಯಾವ ನಿಯಮವನ್ನೂ ಇಟ್ಟುಕೊಳ್ಳದಿರುವುದು. ಹೇಳಬೇಕೆನಿಸಿದಾಗ ಹೇಳಿಬಿಡು, ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಹೇಳು. ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪಗಳ ನಡುವೆ ಗಣಕಯಂತ್ರಗಳನ್ನು ರೇಡಿಯೊ ಮೂಲಕ ಜೋಡಿಸಿದುದು ಹೀಗೆಯೇ. ಅವರ ಜಾಲಕ್ಕೆ ಅಲೋಹಾ ಎಂದು ಹೆಸರು. ಈ ಸ್ವಾತಂತ್ರ್ಯಕ್ಕೆ ಬೆಲೆ ಎಷ್ಟೆಂದು ಗಣಿತ ಖಚಿತವಾಗಿ ಹೇಳುತ್ತದೆ: ಕಾಲದ 18.4 ಶೇಕಡಾಕ್ಕಿಂತ ಹೆಚ್ಚು ಭಾಗ ಎಂದಿಗೂ ಸಫಲವಾಗದು. ಸರಿಯಾದ ಗಡಿಯಾರವನ್ನಿಟ್ಟುಕೊಂಡು ಎಲ್ಲರೂ ನಿಗದಿಯಾದ ಕ್ಷಣದಲ್ಲಿಯೇ ಮಾತು ತೊಡಗಬೇಕೆಂಬ ಒಂದೇ ಒಂದು ಕಟ್ಟಳೆಯನ್ನು ತಂದರೆ ಇದು ಇಮ್ಮಡಿಸಿ 36.8 ಆಗುತ್ತದೆ. ಹತ್ತಾರು ಮಂದಿ ಅಪರೂಪಕ್ಕೊಮ್ಮೆ ಮಾತನಾಡುವಲ್ಲಿ ಇದು ಸಾಕು. ಕದನ ಬಿಸಿಯೇರಿ ಎಲ್ಲರೂ ಒಟ್ಟಿಗೆ ಬಾಯಿ ತೆರೆದಾಗ ಇಡೀ ಜಾಲ ಕುಸಿಯುತ್ತದೆ. ಅದು ಬೇಕಾಗುವುದೂ ಆಗಲೇ ಅಲ್ಲವೆ!

ಎರಡನೆಯ ಉಪಾಯ ಕಾಲುವೆಯ ನೀರಿನ ಸರದಿಯಂಥದು. ಅಮೆರಿಕವೂ ಅದರ ಮಿತ್ರರಾಷ್ಟ್ರಗಳೂ ಬಳಸುವ ಲಿಂಕ್ 16 ಎಂಬ ಜಾಲದಲ್ಲಿ ಪ್ರತಿ ಸೆಕೆಂಡನ್ನೂ 128 ಪಾಲು ಮಾಡಿದ್ದಾರೆ. ಒಂದೊಂದು ಪಾಲೂ 7.8 ಮಿಲಿಸೆಕೆಂಡು. 12 ಸೆಕೆಂಡಿಗೆ 1,536 ಪಾಲುಗಳ ಒಂದು ಸುತ್ತು. ಯಾವ ವಿಮಾನಕ್ಕೆ, ಯಾವ ಹಡಗಿಗೆ, ಯಾವ ಡ್ರೋನಿಗೆ ಯಾವ ಪಾಲು ಎಂಬುದನ್ನು ಮುಂಚಿತವಾಗಿ ನಿರ್ಧರಿಸಿರುತ್ತಾರೆ. ಇಲ್ಲಿಯೂ ಎತ್ತರ ತನ್ನ ಸುಂಕವನ್ನು ವಸೂಲು ಮಾಡದೆ ಬಿಡದು. ಈ ಜಾಲದ ಸಾಮಾನ್ಯ ವ್ಯಾಪ್ತಿ 300 ನಾಟಿಕಲ್ ಮೈಲಿ, ಎಂದರೆ ಸುಮಾರು 555 ಕಿಲೊಮೀಟರು. ಮೇಲೆ ಹೇಳಿದ ಗ್ಲೋಬಲ್ ಹಾಕ್‌ನ ದಿಗಂತವೂ ಹೆಚ್ಚುಕಡಿಮೆ ಇಷ್ಟೇ. ಮಿಲಿಸೆಕೆಂಡಿಗೆ 300 ಕಿಲೊಮೀಟರಿನಂತೆ ಓಡುವ ಅಲೆಗೆ ಈ ದೂರ ಕ್ರಮಿಸಲು 1.85 ಮಿಲಿಸೆಕೆಂಡು ಬೇಕು. ಒಬ್ಬನ ಮಾತಿನ ಕೊನೆಯ ತುಣುಕು ಕಟ್ಟಕಡೆಯವನನ್ನು ತಲುಪುವ ಮುನ್ನ ಮುಂದಿನವನು ಬಾಯಿ ತೆರೆಯಕೂಡದು. ಆದುದರಿಂದ ಪ್ರತಿ ಸರದಿಯ ಕೊನೆಯಲ್ಲಿಯೂ ಕನಿಷ್ಠ ಇಷ್ಟು ಹೊತ್ತು ಎಲ್ಲರೂ ಮೌನವಾಗಿರಬೇಕು. ಸರದಿಯ ಸುಮಾರು ಕಾಲುಭಾಗ ಹೀಗೆ ಬರಿಯ ಮೌನಕ್ಕೆ ಮೀಸಲು. 41 ಕಿಲೊಮೀಟರಿನ ಚಿಕ್ಕ ಜಾಲಕ್ಕಾದರೆ 0.14 ಮಿಲಿಸೆಕೆಂಡಿನ ಮೌನ ಸಾಕಾಗುತ್ತಿತ್ತು.

ಮೂರನೆಯ ಉಪಾಯ ನೆಗೆತ. ಇದಕ್ಕೆ ಸ್ವಾರಸ್ಯವಾದ ಪೂರ್ವೇತಿಹಾಸವುಂಟು. ವಿಯೆನ್ನಾದಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಹೆಸರು ಗಳಿಸಿದ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂತೀಲ್ ಇವರಿಬ್ಬರಿಗೂ 1942ರ ಆಗಸ್ಟ್ 11ರಂದು ಒಂದು ಪೇಟೆಂಟ್ ದೊರೆಯಿತು. ಟಾರ್ಪೀಡೊವನ್ನು ರೇಡಿಯೊ ಮೂಲಕ ನಡೆಸುವಾಗ ಶತ್ರು ಅಡ್ಡಿಪಡಿಸದಂತೆ, ಪ್ರೇಷಕವೂ ಗ್ರಾಹಕವೂ ಒಂದೇ ತಾಳಕ್ಕೆ 88 ಆವೃತ್ತಿಗಳ ನಡುವೆ ನೆಗೆಯುತ್ತಿರಬೇಕೆಂಬುದು ಅವರ ಯೋಜನೆ. ಪಿಯಾನೊ ವಾದ್ಯದ ಮನೆಗಳೂ 88. ಇಂದಿನ ನಿಸ್ತಂತು ಯಂತ್ರಗಳೆಲ್ಲ ಆ ಪೇಟೆಂಟಿನಿಂದಲೇ ಹುಟ್ಟಿದವೆಂದು ಹೇಳುವ ರೂಢಿ ಈಚೆಗೆ ಬೆಳೆದಿದೆ, ಅದು ಅತಿಯಾಯಿತು. ಅವರು ಯೋಚಿಸಿದುದು ಬಚ್ಚಿಟ್ಟುಕೊಳ್ಳುವ ಬಗೆಯನ್ನು, ಹಂಚಿಕೊಳ್ಳುವ ಬಗೆಯನ್ನಲ್ಲ. ಆದರೆ ಎರಡಕ್ಕೂ ಒಂದೇ ಯುಕ್ತಿ ಒದಗಿಬಂದುದು ವಿಶೇಷ.

ಹೇಗೆಂದರೆ, ಲಿಂಕ್ 16ರ ಯಂತ್ರಗಳು 960ರಿಂದ 1,215 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 51 ಆವೃತ್ತಿಗಳ ನಡುವೆ ಸೆಕೆಂಡಿಗೆ ಸುಮಾರು 77,000 ಸಲ ನೆಗೆಯುತ್ತವೆ. ಬೇರೆ ಹತ್ತು ಗುಂಪುಗಳು ಅದೇ 51 ಮನೆಗಳಲ್ಲಿ ತಮ್ಮ ತಮ್ಮ ಕ್ರಮದಂತೆ ನೆಗೆಯುತ್ತಿವೆಯೆಂದು ಭಾವಿಸೋಣ. ಯಾವುದಾದರೊಂದು ನೆಗೆತದಲ್ಲಿ ನಾವು ಇಳಿದ ಮನೆಗೇ ಇನ್ನೊಬ್ಬನೂ ಇಳಿಯುವ ಸಂಭವ ಎಷ್ಟು? 50ನ್ನು 51ರಿಂದ ಭಾಗಿಸಿ, ಆ ಭಿನ್ನರಾಶಿಯನ್ನು ಹತ್ತು ಸಲ ತನ್ನಿಂದ ತಾನೇ ಗುಣಿಸಿ, 1ರಿಂದ ಕಳೆದರೆ 0.18 ಬರುತ್ತದೆ. ಅಕ್ಷರಗಳಲ್ಲಿ ನೂರಕ್ಕೆ 18 ಹಾಳಾದರೆ ಸಂದೇಶ ಗತಿಗೆಟ್ಟಿತೆಂದು ತೋರಬಹುದು. ಆದರೆ ಅಲ್ಲಿ 31 ಅಕ್ಷರಗಳ ಒಂದೊಂದು ಗುಂಪಿನಲ್ಲಿಯೂ 15 ಮಾತ್ರ ಸಂದೇಶ; ಮಿಕ್ಕ 16 ಕಾವಲಿನವು. ಗಣಿತದ ಒಂದು ಚಮತ್ಕಾರದಿಂದ 31ರಲ್ಲಿ ಯಾವ 8 ಕೆಟ್ಟರೂ ಮೂಲವನ್ನು ಮರಳಿ ಪಡೆಯಬಹುದು. ನಮ್ಮ ಲೆಕ್ಕದಲ್ಲಿ ಕೆಡುವುದು ಸರಾಸರಿ 5 ಅಥವಾ 6. ಹೀಗೆ ಹನ್ನೊಂದು ಗುಂಪುಗಳು ಪರಸ್ಪರ ಒಪ್ಪಂದವಿಲ್ಲದೆಯೇ, ಒಬ್ಬರನ್ನೊಬ್ಬರು ಎಡವುತ್ತಲೇ ಒಂದೇ ಪಟ್ಟಿಯಲ್ಲಿ ಬಹುಮಟ್ಟಿಗೆ ಬಾಳಬಹುದು.

ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. 255 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಮೂರು ಮೂರು ಮೆಗಾಹರ್ಟ್ಸ್ ಅಂತರದಲ್ಲಿ 51 ಮನೆಗಳಷ್ಟೇ ಏಕೆ? 1,030 ಮತ್ತು 1,090 ಮೆಗಾಹರ್ಟ್ಸ್ ಸುತ್ತಮುತ್ತಲಿನ ಜಾಗ ನಾಗರಿಕ ವಿಮಾನಗಳ ಗುರುತು ಹಿಡಿಯುವ ರಾಡಾರಿಗೆ ಸೇರಿದುದು. ಅಲ್ಲಿ ನೆಗೆಯಕೂಡದೆಂದು ಖಾಲಿ ಬಿಟ್ಟಿದ್ದಾರೆ. ಸೇನೆಯ ಪಟ್ಟಿ ಎಂದು ಕರೆದುದು ಸೇನೆಯದೊಂದೇ ಆಗಿರುವುದು ಅಪರೂಪ.

ದಿಕ್ಕನ್ನು ಹಂಚಿಕೊಳ್ಳುವ ಉಪಾಯವೂ ಇದೆ. ಡೋಣಿಯಂಥ ತಟ್ಟೆಯ ಆಂಟೆನಾದಿಂದ ಅಲೆಗಳನ್ನು ಟಾರ್ಚಿನ ಬೆಳಕಿನಂತೆ ಒಂದೇ ಕಡೆ ಬಿಟ್ಟರೆ ಪಕ್ಕದವನಿಗೆ ಅದೇ ಪಟ್ಟಿ ಉಳಿಯುತ್ತದೆ. ತರಂಗಾಂತರವನ್ನು ತಟ್ಟೆಯ ವ್ಯಾಸದಿಂದ ಭಾಗಿಸಿದರೆ ಕಿರಣದ ಹರವು ತಿಳಿಯುತ್ತದೆ. 2 ಸೆಂಟಿಮೀಟರ್ ಅಲೆಗೆ ಗ್ಲೋಬಲ್ ಹಾಕ್‌ನ ಮೂಗಿನಲ್ಲಿರುವಂಥ 1.2 ಮೀಟರ್ ತಟ್ಟೆಯಾದರೆ ಸುಮಾರು ಒಂದು ಡಿಗ್ರಿ. ಸೈನಿಕನ ಕೈಯಲ್ಲಿರುವ ಒಂದು ಮೀಟರ್ ಅಲೆಯ ರೇಡಿಯೊಗೆ ಅಷ್ಟೇ ಸಣ್ಣ ಕಿರಣ ಬೇಕಾದರೆ ತಟ್ಟೆ 60 ಮೀಟರ್ ಆಗಬೇಕು. ಅದನ್ನು ಹೊತ್ತು ಹಾರುವ ಡ್ರೋನು ಇನ್ನೂ ಹುಟ್ಟಿಲ್ಲ.

ಉಕ್ರೇನಿನ ಆಕಾಶ

ಇದುವರೆಗೆ ಹೇಳಿದುದು ಶ್ರೀಮಂತ ಸೇನೆಗಳ ವೈಭವ. 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಸಮಗ್ರ ದಾಳಿ ತೊಡಗಿದ ಮೇಲೆ ಅಲ್ಲಿ ಕಂಡುಬಂದುದು ಬೇರೆಯೇ ಚಿತ್ರ. ಎರಡು ಪಕ್ಷಗಳೂ ಬಳಸಿದ ಅಗ್ಗದ ಡ್ರೋನುಗಳ ಬಹುಭಾಗ ಹವ್ಯಾಸಿಗಳ ಪಂದ್ಯದ ಡ್ರೋನುಗಳ ಸಂತತಿ. ಆ ಪಂದ್ಯಗಳಿಗೆಂದು 5.8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೂಢಿಗೆ ಬಂದಿದ್ದ ಚಿತ್ರವಾಹಿನಿಗಳು ಎಂಟು. ಒಂದರಿಂದೊಂದಕ್ಕೆ 37 ಮೆಗಾಹರ್ಟ್ಸ್ ಅಂತರ. ಎಂಟು ಮಂದಿಯ ಆಟಕ್ಕೆ ಇದು ಧಾರಾಳ. ಮೈಲಿಗಟ್ಟಲೆ ಉದ್ದದ ಕದನರೇಖೆಯಲ್ಲಿ ಒತ್ತೊತ್ತಾಗಿ ನಿಂತ ತುಕಡಿಗಳು ಅದೇ ವಾಹಿನಿಗಳನ್ನು ಬಳಸತೊಡಗಿದಾಗ, ಒಬ್ಬನು ಹಾರಿಸಿದ ಡ್ರೋನಿನ ಚಿತ್ರದ ಮೇಲೆ ಪಕ್ಕದ ತುಕಡಿಯ ಡ್ರೋನಿನ ಚಿತ್ರ ಬಂದು ಕೂರುವಂತಾಯಿತು. ಶತ್ರುವಿನ ಅಡ್ಡಿಯಷ್ಟೇ ಅಲ್ಲ, ಮಿತ್ರನ ಅಡ್ಡಿಯೂ ಡ್ರೋನುಗಳನ್ನು ನೆಲಕ್ಕೆ ಕೆಡವಿತು. ಯಾರು ಯಾವಾಗ ಯಾವ ವಾಹಿನಿಯಲ್ಲಿ ಹಾರಿಸಬೇಕೆಂದು ತುಕಡಿಗಳು ಪರಸ್ಪರ ಮಾತನಾಡಿಕೊಂಡು ಸರದಿಗೆ ಕಾಯಬೇಕಾಯಿತು. ತಗ್ಗಿನಲ್ಲಿ ಹಾರುವ ಡ್ರೋನು ದಿಗಂತದ ಕೆಳಗಿಳಿದು ಕೊನೆಯ ಕ್ಷಣದಲ್ಲಿ ಚಿತ್ರ ಮಾಯವಾಗುವುದನ್ನು ತಪ್ಪಿಸಲು ಇನ್ನೊಂದು ಡ್ರೋನನ್ನು ಮಧ್ಯಸ್ಥನಾಗಿ ಮೇಲೆ ನಿಲ್ಲಿಸಿದರು. ಅದರಿಂದ ಎಟುಕು ಹೆಚ್ಚಿತು. ಒಡನೆಯೇ ಅಡ್ಡಿಯ ವ್ಯಾಪ್ತಿಯೂ ಹೆಚ್ಚಿತು.

2024ರಿಂದೀಚೆಗೆ ಅಲ್ಲಿ ಹಬ್ಬಿದ ಪರಿಹಾರವನ್ನು ಕಂಡರೆ ನಗುವುದೋ ವಿಸ್ಮಯಪಡುವುದೋ ತಿಳಿಯದು. ಕೂದಲಿನಂತೆ ತೆಳುವಾದ ಗಾಜಿನ ನೂಲನ್ನು ಉಂಡೆಯಾಗಿ ಸುತ್ತಿ ಡ್ರೋನಿಗೆ ಕಟ್ಟುತ್ತಾರೆ. ಅದು ಹತ್ತು ಕಿಲೊಮೀಟರಿಗೂ ದೂರ ನೂಲು ಬಿಚ್ಚುತ್ತ ಹಾರುತ್ತದೆ. ಚಿತ್ರವೂ ಆಜ್ಞೆಯೂ ಆ ನೂಲಿನೊಳಗೆ ಬೆಳಕಿನ ರೂಪದಲ್ಲಿ ಸಾಗುತ್ತವೆ. ಪಟ್ಟಿ ಬೇಡ, ಸರದಿ ಬೇಡ, ಅಡ್ಡಿಯೂ ಇಲ್ಲ. ನಿಸ್ತಂತು ಬಂದು ಶತಮಾನ ಕಳೆದ ಮೇಲೆ ಯುದ್ಧರಂಗ ಮರಳಿ ತಂತಿಗೆ ಶರಣು ಹೋಯಿತು! ಆದರೆ ನೂಲಿನ ಡ್ರೋನು ತನ್ನ ಒಡೆಯನೊಬ್ಬನಿಗಷ್ಟೇ ಸೇವಕ. ಬೆಟ್ಟದಾಚೆ ಅಲೆಯುತ್ತಿರುವ ಹತ್ತು ತುಕಡಿಗಳನ್ನು ಅದು ಬೆಸೆಯಲಾರದು. ಅವರವರ ಕೈಯ ರೇಡಿಯೊಗಳಿಗೆ ಗಾಳಿಯ ದಾರಿಯೇ ಗತಿ.

ಯಂತ್ರಗಳ ಒಪ್ಪಂದ

ಪಾಲುಗಳನ್ನು ಮುಂಚಿತವಾಗಿ ಕಾಗದದ ಮೇಲೆ ಹಂಚುವುದರಲ್ಲಿ ಒಂದು ಕೊರತೆ ಉಂಟು. ಮಾತನಾಡಲು ಏನೂ ಇಲ್ಲದವನ ಪಾಲು ವ್ಯರ್ಥವಾಗಿ ಹೋಗುತ್ತಿರುವಾಗಲೇ, ಸಂಕಟದಲ್ಲಿರುವವನು ತನ್ನ ಸರದಿಗೆ ಕಾಯುತ್ತಿರುತ್ತಾನೆ. ಕ್ಷಣಕ್ಷಣಕ್ಕೂ ಆಕಾಶವನ್ನು ಆಲಿಸಿ, ಖಾಲಿ ಇರುವ ಜಾಗವನ್ನು ತಾವೇ ಕಂಡುಕೊಂಡು, ನೆರೆಯವರೊಡನೆ ಚೌಕಾಸಿ ಮಾಡಿಕೊಳ್ಳುವ ರೇಡಿಯೊಗಳನ್ನು ರಚಿಸಬಹುದೆ? ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆಯಾದ ಡಾರ್ಪಾ 2016ರಲ್ಲಿ ಇದನ್ನೇ ಒಂದು ಸ್ಪರ್ಧೆಯನ್ನಾಗಿ ಮಾಡಿತು. ಕಲೋಸಿಯಮ್ ಎಂಬ ಹೆಸರಿನ ಯಂತ್ರಶಾಲೆಯಲ್ಲಿ ನೂರಾರು ರೇಡಿಯೊಗಳನ್ನು ಜೋಡಿಸಿ, ಅವುಗಳ ನಡುವೆ ಬೆಟ್ಟ, ಬೀದಿ, ದೂರ ಎಲ್ಲವನ್ನೂ ಗಣಕಯಂತ್ರವೇ ಅನುಕರಿಸುವಂತೆ ಮಾಡಲಾಗಿತ್ತು. ಅದೊಂದು ಕೃತಕ ಆಕಾಶ. 2019ರ ಅಕ್ಟೋಬರ್ 23ರಂದು ಲಾಸ್ ಏಂಜಲೀಸಿನಲ್ಲಿ ಅಂತಿಮ ಸುತ್ತು ನಡೆದು ಫ್ಲಾರಿಡಾ ವಿಶ್ವವಿದ್ಯಾನಿಲಯದ ತಂಡ 20 ಲಕ್ಷ ಡಾಲರುಗಳ ಬಹುಮಾನವನ್ನು ಗೆದ್ದಿತು.

ಆ ಸ್ಪರ್ಧೆಯಲ್ಲಿ ನಮಗೆ ಮೆಚ್ಚಿಕೆಯಾದುದು ಅದರ ಅಂಕಗಳ ನಿಯಮ. ಜೊತೆಯಲ್ಲಿ ಆಡುವ ಯಾವುದೇ ಜಾಲ ನಿಗದಿಯಾದ ಮಟ್ಟಕ್ಕಿಂತ ಕೆಳಗೆ ಕುಸಿದರೆ ಮಿಕ್ಕವರ ಅಂಕವೂ ಕುಸಿಯುತ್ತಿತ್ತು. ಪರರನ್ನು ತುಳಿದು ತಾನೊಬ್ಬ ಜೋರಾಗಿ ಮಾತನಾಡಿದ ರೇಡಿಯೊಗೆ ಅದರಿಂದ ಲಾಭವಿಲ್ಲ. 1901ರ ದೋಣಿಪಂದ್ಯದಲ್ಲಿ ಈ ನಿಯಮವಿದ್ದಿದ್ದರೆ ಪತ್ರಿಕೆಗಳಿಗೆ ವಾರ್ತೆ ಮುಟ್ಟುತ್ತಿತ್ತು.

ಹೀಗೆ ತಾನೇ ಯೋಚಿಸುವ ರೇಡಿಯೊಗಳಿಗೆ ತಳಹದಿ ತಂತ್ರಾಂಶದ ರೇಡಿಯೊ. ಹಳೆಯ ಯಂತ್ರದಲ್ಲಿ ಸುರುಳಿ, ಧಾರಕಗಳು ನಿರ್ಧರಿಸುತ್ತಿದ್ದ ಆವೃತ್ತಿ, ಅಗಲ, ಸಂಕೇತಭಾಷೆ ಇವೆಲ್ಲವನ್ನೂ ಇದರಲ್ಲಿ ಗಣಕಯಂತ್ರದ ಆಜ್ಞೆಗಳೇ ನಿರ್ಧರಿಸುತ್ತವೆ. ಆಜ್ಞೆ ಬದಲಾದರೆ ರೇಡಿಯೊದ ಜಾತಿಯೇ ಬದಲಾಗುತ್ತದೆ. ನಮ್ಮ ದೇಶದ ರಕ್ಷಣಾ ಸಚಿವಾಲಯವು ನೌಕಾದಳಕ್ಕೆ ಇಂಥ ರೇಡಿಯೊಗಳನ್ನು ಒದಗಿಸಲು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ 2021ರ ಫೆಬ್ರವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ನಮ್ಮ ಓದುಗರಲ್ಲಿ ಕೆಲವರು ಮುಂದೆ ಇಂಥ ಯಂತ್ರಗಳ ಆಜ್ಞೆಗಳನ್ನು ಬರೆಯುವವರಾಗಬಹುದು. ಆದುದರಿಂದ ಇನ್ನೂ ಬಗೆಹರಿಯದ ತೊಡಕೊಂದನ್ನು ಅವರ ಮುಂದಿಡುವುದು ಉಚಿತ.

ಡಾರ್ಪಾ ಸ್ಪರ್ಧೆಯಲ್ಲಿ ರೇಡಿಯೊಗಳು ತಮ್ಮ ಬೇಡಿಕೆಗಳನ್ನು ಒಂದಕ್ಕೊಂದು ತಿಳಿಸಲು ಸಾಮಾನ್ಯ ಭಾಷೆಯೊಂದನ್ನೂ, ಅದಕ್ಕಾಗಿ ಪ್ರತ್ಯೇಕವಾದ ಹಾದಿಯೊಂದನ್ನೂ ಕೊಡಲಾಗಿತ್ತು. ಆ ಹಾದಿಯನ್ನು ಯಾರೂ ಕೆಡಿಸುವಂತಿರಲಿಲ್ಲ. ಅದರಲ್ಲಿ ಶತ್ರು ನಿಂತು ಸುಳ್ಳು ನುಡಿಯುವಂತಿರಲಿಲ್ಲ. ರಣರಂಗದಲ್ಲಿ ಆ ಹಾದಿಯೂ ರೇಡಿಯೊ ಅಲೆಯೇ. ಶತ್ರು ಮೊದಲು ಅಡ್ಡಿಪಡಿಸುವುದು ಅದನ್ನೇ. ಅಡ್ಡಿಪಡಿಸದಿದ್ದರೆ ಇನ್ನೂ ಅಪಾಯ: ಒಂದು ಸುಳ್ಳು ರೇಡಿಯೊ ನಡುವೆ ಸೇರಿಕೊಂಡು 'ನನಗೆ ಬಹಳ ತುರ್ತು, ಎಲ್ಲರೂ ಜಾಗ ಬಿಡಿ' ಎಂದು ಕೂಗಿದರೆ, ಸೌಜನ್ಯವನ್ನು ಕಲಿತ ಯಂತ್ರಗಳೆಲ್ಲವೂ ಜಾಗ ಬಿಟ್ಟು ಸುಮ್ಮನಾಗಿಬಿಡುತ್ತವೆ. ತುರ್ತು ನಿಜವೋ ಸುಳ್ಳೋ ಎಂಬುದನ್ನು ಗುಪ್ತಲಿಪಿಯ ಸಹಿಯಿಂದ ಪರೀಕ್ಷಿಸಬಹುದು. ಸಹಿಗೂ ಬಿಟ್‌ಗಳು ಬೇಕು. ಗಾಯಾಳುವಿನ ಕೆಲವು ನೂರು ಬಿಟ್‌ಗಳ ಸಂದೇಶಕ್ಕೆ ಅಷ್ಟೇ ಉದ್ದದ ಸಹಿ ಸೇರಿದರೆ ಹೊರೆ ಎರಡರಷ್ಟಾಗುತ್ತದೆ. ಸಹಿಯನ್ನು ಮೊಟಕು ಮಾಡಿದರೆ ಸುಳ್ಳಿಗೆ ದಾರಿ ಅಗಲವಾಗುತ್ತದೆ.